ಸವುಳು ನೀರು: ಏಡಿಯ ತೊಟ್ಟಿಗೊಂದು ತೆಳುಗಡಲು

ಸವುಳು ಎಂಬುದು ನಾಲಗೆ ಕೊಟ್ಟ ಹೆಸರು. ಸಿಹಿನೀರಿನ ರುಚಿಯಿಲ್ಲದ, ಕಡಲಿನಷ್ಟು ಉಪ್ಪೂ ಇಲ್ಲದ ನೀರೆಲ್ಲ ನಮ್ಮ ಮಾತಿನಲ್ಲಿ ಸವುಳೇ. ಸೋಪು ಉಜ್ಜಿದರೂ ನೊರೆ ಬಾರದ ಕೊಳವೆಬಾವಿಯ ನೀರನ್ನು ಹಾಗೆ ಕರೆಯುತ್ತೇವೆ, ನದಿ ಕಡಲನ್ನು ಕೂಡುವ ಅಳಿವೆಯ ನೀರನ್ನೂ ಹಾಗೆಯೇ ಕರೆಯುತ್ತೇವೆ. ಕುಡಿಯುವವರಿಗೆ ಎರಡೂ ಬೇಡವಾದ ನೀರು, ಅಷ್ಟೇ. ಏಡಿಗೆ ಮಾತ್ರ ಇವೆರಡರ ನಡುವೆ ಅಜಗಜಾಂತರ.

ಅಕ್ವೇರಿಯಂ ಇಟ್ಟವರು ಸವುಳು ನೀರು ಎಂದಾಗ ಅವರ ಮನಸ್ಸಿನಲ್ಲಿರುವುದು ಅಳಿವೆಯ ನೀರು. ಲೀಟರಿಗೆ ಸುಮಾರು 35 ಗ್ರಾಂ ಲವಣವಿದ್ದರೆ ಅದು ಕಡಲು, ಅರ್ಧ ಗ್ರಾಮಿಗಿಂತ ಕಡಿಮೆಯಿದ್ದರೆ ಸಿಹಿನೀರು. ಅರ್ಧದಿಂದ 30 ಗ್ರಾಂವರೆಗಿನ ಆ ದೊಡ್ಡ ನಡುಪಟ್ಟಿಯೇ ಸವುಳು. ಆದರೆ ಅಂಕಿಗಿಂತ ಮುಖ್ಯವಾದದ್ದು ಲವಣದ ಜಾತಿ. ಕೊಳವೆಬಾವಿಯ ಗಡಸು ನೀರಿನಲ್ಲಿ ನೆಲದ ಕಲ್ಲಿನಿಂದ ಕರಗಿ ಬಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದ್ದೇ ಕಾರುಬಾರು. ಅಳಿವೆಯ ನೀರಿನಲ್ಲಿ ಸೋಡಿಯಂ, ಕ್ಲೋರೈಡ್, ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಕಡಲಿನಲ್ಲಿರುವ ಲೆಕ್ಕದಲ್ಲೇ ಇರುತ್ತವೆ, ನೀರು ಬೆರೆತು ತೆಳುವಾಗಿರುತ್ತವೆ. ಹಾಗಾಗಿ ಟಿಡಿಎಸ್ ಮೀಟರು ದೊಡ್ಡ ಅಂಕಿ ತೋರಿಸಿತೆಂದು ಬಾವಿಯ ನೀರನ್ನೇ ಏಡಿಗೆ ಸುರಿಯುವುದರಲ್ಲಿ ಅರ್ಥವಿಲ್ಲ. ಆ ಮೀಟರು ಎಷ್ಟು ಕರಗಿದೆ ಎಂಬುದನ್ನು ಅಂದಾಜಿಸೀತು, ಏನು ಕರಗಿದೆ ಎಂಬುದನ್ನು ಹೇಳಲಾರದು.

ಏಡಿಗೆ ಇದೆಲ್ಲ ಏಕೆ ಬೇಕು? ಅಂಗಡಿಗಳಲ್ಲಿ ಸಿಹಿನೀರಿನ ಏಡಿ ಎಂದು ಮಾರುವ ಕೆಂಪು ಇಕ್ಕಳದ ಏಡಿ, ಗಂಡಿಗೆ ಒಂದು ಮುಂಗಾಲು ಮಾತ್ರ ಭಾರಿಯಾಗಿರುವ ಫಿಡ್ಲರ್ ಏಡಿ, ಇವು ಉಬ್ಬರವಿಳಿತಕ್ಕೆ ಸಿಕ್ಕುವ ಮ್ಯಾಂಗ್ರೋವ್ ಕೆಸರಿನ ಜೀವಿಗಳು. ಇವುಗಳ ರಕ್ತ ಸಿಹಿನೀರಿಗಿಂತ ಎಷ್ಟೋ ಉಪ್ಪು. ಸಿಹಿನೀರಿನಲ್ಲಿಟ್ಟರೆ ಮೈಯ ಲವಣ ಹೊರಗೆ ಸೋರುತ್ತದೆ, ಕಿವಿರುಗಳು ಅದನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತಲೇ ಇರಬೇಕಾಗುತ್ತದೆ. ತೂತು ದೋಣಿಯಿಂದ ನೀರು ಎತ್ತಿ ಚೆಲ್ಲಿದ ಹಾಗೆ. ಹೀಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕಿಯೂ ಇರುತ್ತವೆ. ಮಾರುವವನ ಮಾತು ನಿಜವೆನಿಸುವುದು ಅದರಿಂದಲೇ. ಪೊರೆ ಕಳಚುವ ಹೊತ್ತಿಗೆ ಬಂಡವಾಳ ಬಯಲಾಗುತ್ತದೆ. ಹಳೆಯ ಚಿಪ್ಪು ಬಿಟ್ಟ ಏಡಿ ನೀರು ಹೀರಿ ಉಬ್ಬಿ, ಮೆತ್ತನೆಯ ಹೊಸ ಚಿಪ್ಪಿಗೆ ಕ್ಯಾಲ್ಸಿಯಂ ತುಂಬಿ ಗಟ್ಟಿ ಮಾಡಿಕೊಳ್ಳಬೇಕು. ಅದಾಗಲೇ ಸೋತ ಜೀವ ಅಲ್ಲಿ ಎಡವುತ್ತದೆ. (ಕಳಚಿದ ಚಿಪ್ಪನ್ನು ಕಸವೆಂದು ಎತ್ತಿ ಬಿಸಾಡಬೇಡಿ. ಏಡಿ ಅದನ್ನು ತಿಂದು ಸುಣ್ಣ ವಾಪಸು ಪಡೆಯುತ್ತದೆ.) ಹಾಗೆಂದು ಎಲ್ಲ ಏಡಿಗೂ ಸವುಳು ಬೇಕೆಂದಿಲ್ಲ. ವ್ಯಾಂಪೈರ್ ಏಡಿ ಎಂದು ಕರೆಯುವ ಜಿಯೋಸೆಸಾರ್ಮಾ ಗುಂಪಿನವಕ್ಕೆ ಸಿಹಿನೀರೂ ತೇವದ ನೆಲವೂ ಸಾಕು. ಮೊದಲು ಏಡಿಯ ಜಾತಿ ತಿಳಿಯಬೇಕು, ಉಪ್ಪಿನ ಮಾತು ಆಮೇಲೆ.

ಸವುಳು ನೀರೆಂದರೆ ಉಪ್ಪು ಹಾಕಿದ ನೀರಲ್ಲ, ತೆಳುವಾದ ಕಡಲು ಎಂಬುದು ಮನಸ್ಸಿಗೆ ಬಂದರೆ ತಯಾರಿಯ ಅರ್ಧ ಕೆಲಸ ಮುಗಿದಂತೆ. ಅಡುಗೆಯ ಉಪ್ಪು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡು. ಅಕ್ವೇರಿಯಂ ಉಪ್ಪು ಎಂದು ಪೊಟ್ಟಣದಲ್ಲಿ ಬರುವುದೂ ಬಹುಪಾಲು ಅದೇ, ಹೆಸರು ಮಾತ್ರ ಬೇರೆ. ಬೇಕಾದದ್ದು ಕಡಲಮೀನಿನ ತೊಟ್ಟಿಗಳಿಗೆಂದು ಮಾರುವ ಸಮುದ್ರ ಉಪ್ಪಿನ ಮಿಶ್ರಣ. ಕಡಲಿನ ಕಾಲು ಭಾಗದಷ್ಟು ಉಪ್ಪಾಗಲು ಲೀಟರಿಗೆ ಸುಮಾರು 9 ಗ್ರಾಂ, ಅಂದರೆ 20 ಲೀಟರಿಗೆ 180 ಗ್ರಾಂ ಹಿಡಿಯುತ್ತದೆ. ಚಮಚದ ಲೆಕ್ಕ ನನಗೆ ನಂಬಿಕೆಯಿಲ್ಲ. ಈ ಮಿಶ್ರಣ ಗಾಳಿಯ ತೇವ ಹೀರಿ ಭಾರವಾಗುವುದರಿಂದ ತಕ್ಕಡಿಯನ್ನೂ ಪೂರ್ತಿ ನಂಬುವಂತಿಲ್ಲ. ಕೊನೆಯ ತೀರ್ಪು ಹೈಡ್ರೋಮೀಟರಿನದು. ಅದು ತೋರಿಸುವುದು ಸಾಪೇಕ್ಷ ಸಾಂದ್ರತೆಯನ್ನು, ಅಂದರೆ ಸಿಹಿನೀರಿಗಿಂತ ಈ ನೀರು ಎಷ್ಟು ಪಟ್ಟು ಭಾರ ಎಂಬುದನ್ನು: ಸಿಹಿನೀರು 1.000, ಕಡಲು 1.026ರ ಆಸುಪಾಸು, ಈ ಏಡಿಗಳ ತೊಟ್ಟಿ 1.005ರಿಂದ 1.010.

ಬೆರಸುವುದು ಬೇರೆ ಬಕೆಟ್ಟಿನಲ್ಲಿ, ತೊಟ್ಟಿಯೊಳಗೆ ಖಂಡಿತ ಅಲ್ಲ. ಕರಗದ ಹರಳು ಏಡಿಯ ಕಿವಿರಿಗೆ ತಾಗಿದರೆ ಸುಡುತ್ತದೆ. ನಲ್ಲಿ ನೀರಾದರೆ ಮೊದಲು ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಕ್ಲೋರಿನ್ ಒಂದೆರಡು ದಿನ ಬಿಟ್ಟರೆ ತಾನೇ ಹೋದೀತು, ಕೆಲವೆಡೆ ಅದರ ಬದಲು ನಲ್ಲಿ ನೀರಿಗೆ ಬಳಸುವ ಕ್ಲೋರಮಿನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆಮೇಲೆ ಉಪ್ಪು ಸೇರಿಸಿ, ಗಾಳಿಯ ಪಂಪು ಹಚ್ಚಿ ಒಂದು ದಿನ ಬಿಟ್ಟು ಅಳೆಯಿರಿ. ಸಿಹಿನೀರಿನಲ್ಲಿದ್ದ ಏಡಿಯನ್ನು ಇದಕ್ಕೆ ತರುವಾಗ ಹಲವು ದಿನ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಉಪ್ಪೇರಿಸಬೇಕು. ಅವಸರ ಏಡಿಗಷ್ಟೇ ಅಲ್ಲ, ತೊಟ್ಟಿಯ ಅಮೋನಿಯಾವನ್ನು ಜೀರ್ಣಿಸುವ ಬ್ಯಾಕ್ಟೀರಿಯಾಗಳಿಗೂ ಆಗದು. ಏಡಿ ಹತ್ತಿ ಕೂರಲು ಒಣನೆಲವೂ ಮೇಲೊಂದು ಭದ್ರ ಮುಚ್ಚಳವೂ ಇರಲಿ.

ಬಹಳ ಜನ ಜಾರುವುದು ಇದೆಲ್ಲ ಆದ ಮೇಲೆ, ನಾನೂ ಜಾರಿದ್ದೇನೆ. ತೊಟ್ಟಿಯ ಮಟ್ಟ ಎರಡು ಬೆರಳು ಇಳಿದಾಗ ಕೈ ತಾನಾಗಿ ಸವುಳು ನೀರಿನ ಬಕೆಟ್ಟಿಗೆ ಹೋಗುತ್ತದೆ. ಆವಿಯಾದದ್ದು ನೀರು ಮಾತ್ರ, ಉಪ್ಪೆಲ್ಲ ಒಳಗೇ ಉಳಿದಿದೆ. ಹಾಗೆ ಇಳಿದ ಮಟ್ಟವನ್ನು ಕ್ಲೋರಿನ್ ತೆಗೆದ ಸಿಹಿನೀರಿನಿಂದಲೇ ತುಂಬಬೇಕು. ಹೊಲಸು ನೀರನ್ನು ಮೊಗೆದು ಹೊರಗೆ ಚೆಲ್ಲಿದಾಗ ಮಾತ್ರ, ಅದರೊಂದಿಗೆ ಉಪ್ಪೂ ಹೋಗಿರುವುದರಿಂದ, ಅಷ್ಟೇ ಸವುಳಿನ ಹೊಸ ನೀರು ಹಾಕಬೇಕು.