ಎಣಿಸಿದ್ದು 46, ನಂಬಿದ್ದು 48

ಮನುಷ್ಯನ ಜೀವಕೋಶದಲ್ಲಿ 46 ಕ್ರೋಮೋಸೋಮ್ (ವರ್ಣತಂತು) ಇರುತ್ತವೆ ಅಂತ ಈಗ ಶಾಲೆ ಮಕ್ಕಳೂ ಹೇಳುತ್ತಾರೆ. ಆದರೆ 1956ರವರೆಗೆ ಪುಸ್ತಕಗಳಲ್ಲಿ ಇದ್ದದ್ದು 48. ಡಿಎನ್‌ಎ ರಚನೆ ಗೊತ್ತಾಗಿದ್ದು 1953ರಲ್ಲಿ, ಕ್ರೋಮೋಸೋಮ್ ಲೆಕ್ಕ ಸರಿಯಾಗಿದ್ದು ಅದಾದ ಮೇಲೆ. ವಿಚಿತ್ರ ಅಲ್ವಾ?

48 ಅಂತ 1923ರಲ್ಲಿ ಬರೆದವರು ಅಮೆರಿಕದ ಥಿಯೋಫಿಲಸ್ ಪೇಂಟರ್. ಅವರನ್ನು ಸುಮ್ನೆ ದೂರುವ ಹಾಗಿಲ್ಲ. ವೃಷಣದ ಅಂಗಾಂಶವನ್ನು ತೆಳುವಾಗಿ ಕೊಯ್ದು ನೋಡುತ್ತಿದ್ದ ಕಾಲ ಅದು. ಸಿಕ್ಕುಬಿದ್ದ ನೂಲಿನಲ್ಲಿ ಎಷ್ಟು ಎಳೆ ಇವೆ ಅಂತ ಎಣಿಸಿದ ಹಾಗೆ. ಮೊದಮೊದಲು ಅವರಿಗೇ ಇದು 46 ಇರಬಹುದು ಅನಿಸಿತ್ತು.

ದಾರಿ ತೋರಿಸಿದ್ದು ಒಂದು ಎಡವಟ್ಟು. ಟೆಕ್ಸಾಸ್‌ನಲ್ಲಿ ಟಿ. ಸಿ. ಷು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಕೋಶ ತೊಳೆಯುವ ಉಪ್ಪುನೀರಿಗೆ ಯಾರೋ ಉಪ್ಪು ಕಮ್ಮಿ ಹಾಕಿಬಿಟ್ಟಿದ್ದರು. ನೀರು ಒಳಗೆ ನುಗ್ಗಿ ಕೋಶ ಉಬ್ಬಿತು, ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗಿ ಹರಡಿಕೊಂಡವು. ಅಷ್ಟು ಚೆಂದದ ಸ್ಲೈಡ್ ಕಣ್ಣೆದುರಿಗಿದ್ದೂ 1952ರಲ್ಲಿ ಷು ಬರೆದದ್ದು 48ನ್ನೇ!

ಕ್ಯಾರಿಯೋಟೈಪ್, ಅಂದರೆ ಕ್ರೋಮೋಸೋಮ್ ಎಣಿಸಿ ನೋಡುವ ಟೆಸ್ಟಿಗೆ ಬಂದ ರಕ್ತಕ್ಕೆ ಲ್ಯಾಬಿನಲ್ಲಿ ನಾವು ಇವತ್ತಿಗೂ ಮಾಡುವುದು ಹೆಚ್ಚುಕಮ್ಮಿ ಇದನ್ನೇ: ಬಿಳಿರಕ್ತಕಣಗಳನ್ನು ಮೂರು ದಿನ ಬೆಳೆಸಿ, ವಿಭಜನೆ ನಡುವೆಯೇ ನಿಲ್ಲುವ ಹಾಗೆ ಕೋಲ್ಸಿಮಿಡ್ ಹಾಕಿ, ತೆಳು ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಉಬ್ಬಿಸಿ, ಫಿಕ್ಸ್ ಮಾಡಿ ಸ್ಲೈಡಿನ ಮೇಲೆ ಹನಿ ಬಿಡುತ್ತೇವೆ. ಗಾಳಿ ತೀರಾ ಒಣಗಿದ್ದ ದಿನ ಅದು ಸರಿಯಾಗಿ ಹರಡುವುದೇ ಇಲ್ಲ, ಎಣಿಸುವವರ ಪಾಡು ಕೇಳಬೇಡಿ.

1955ರ ಡಿಸೆಂಬರ್‌ನಲ್ಲಿ ಸ್ವೀಡನ್‌ನ ಲುಂಡ್‌ನಲ್ಲಿ, ಆಲ್ಬರ್ಟ್ ಲೆವಾನ್ ಅವರ ಲ್ಯಾಬಿಗೆ ಬಂದಿದ್ದ ಜಾವಾ ಮೂಲದ ಜೋ ಹಿನ್ ಜಿಯೋ ಭ್ರೂಣದ ಶ್ವಾಸಕೋಶದ ಕೋಶಗಳನ್ನು ಹೀಗೇ ಉಬ್ಬಿಸಿ ಎಣಿಸಿದರು. 46. ಇನ್ನೊಂದು ಕೋಶ ನೋಡಿದರೂ 46. ಮುಂದಿನ ವರ್ಷ ಇಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧದ ಕೊನೆಯಲ್ಲಿ ಒಂದು ಮಾತು ಬರುತ್ತದೆ, ನನಗೆ ಇಡೀ ಪ್ರಬಂಧದಲ್ಲಿ ಅದೇ ಜಾಸ್ತಿ ಇಷ್ಟ. ಸ್ವೀಡನ್‌ನದೇ ಇನ್ನೊಂದು ಗುಂಪು ಭ್ರೂಣದ ಲಿವರ್ ಕೋಶಗಳಲ್ಲಿ ಮತ್ತೆ ಮತ್ತೆ 46 ಎಣಿಸಿತ್ತಂತೆ. ಆದರೆ 48 ಸಿಗುತ್ತಿಲ್ಲವಲ್ಲ ಅಂತ ಕೆಲಸವನ್ನೇ ನಿಲ್ಲಿಸಿಬಿಟ್ಟಿತ್ತು.

46ಕ್ಕೂ 48ಕ್ಕೂ ಇರುವ ಈ ಎರಡರ ವ್ಯತ್ಯಾಸ ಸಣ್ಣದೇನಲ್ಲ. 1959ರಲ್ಲಿ ಪ್ಯಾರಿಸ್‌ನ ಲೆಜೂನ್, ಗೋತಿಯೆ, ತುರ್ಪಾನ್ ಅವರು ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 47 ಕ್ರೋಮೋಸೋಮ್ ಇವೆ ಅಂತ ತೋರಿಸಿದರು. ಆ ಕೋಶಗಳನ್ನು ಬೆಳೆಸಿದ್ದು ಮಾರ್ಥ್ ಗೋತಿಯೆ. ಹಳೆಯ 48ನ್ನೇ ನಂಬಿಕೊಂಡಿದ್ದರೆ ಈ ಮಕ್ಕಳಲ್ಲಿ ಒಂದು ಕ್ರೋಮೋಸೋಮ್ ಕಮ್ಮಿ ಇದೆ ಅಂತ ಬರೆಯುತ್ತಿದ್ದರು. ನಿಜಕ್ಕೂ ಅಲ್ಲಿ 21ನೆಯ ನಂಬರಿನ ಕ್ರೋಮೋಸೋಮ್ ಒಂದು ಜಾಸ್ತಿ ಇರುತ್ತದೆ.