ಜೋಳದ ಒಳಗಿನ ಹಗೇವು

ಎಳ್ಳಮಾವಾಸ್ಯೆ ದಿನ ಚರಗ ಚೆಲ್ಲೋಕೆ ಹೊಲಕ್ಕೆ ಹೋದವರು ಇದನ್ನು ನೋಡಿರುತ್ತೀರಿ. ಬೆಳಗ್ಗೆ ಅಗಲವಾಗಿ ಬಿಚ್ಚಿಕೊಂಡಿದ್ದ ಜೋಳದ ಎಲೆ ಮಧ್ಯಾಹ್ನದ ಹೊತ್ತಿಗೆ ಸುರುಳಿ ಸುತ್ತಿಕೊಂಡಿರುತ್ತದೆ. ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಹೋಳಿಗೆ ಉಂಡು ಎದ್ದು ನೋಡಿದರೆ ಇಡೀ ಹೊಲ ತೆಳ್ಳಗಾದ ಹಾಗೆ ಕಾಣುತ್ತದೆ. ಬಸವನಬಾಗೇವಾಡಿ ಕಡೆಯ ನಮ್ಮ ಹೊಲದಲ್ಲಿ ಒಮ್ಮೆ ನಾನು ಗಾಬರಿಯಾಗಿ "ಬಾಡೇತೇನು?" ಅಂತ ಕೇಳಿದ್ದೆ. ಪಕ್ಕದ ಹೊಲದ ಹಿರಿಯರು ತಲೆ ಅಲ್ಲಾಡಿಸಿದರು. "ಬಾಡಿಲ್ಲ, ಹಸಿ ಉಳಿಸ್ಕೊಳ್ಳಾಕತ್ತೈತಿ" ಅಂದರು.

ಹಸಿ ಅಂದ್ರೆ ನೆಲದೊಳಗಿನ ತೇವ. ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದರಲ್ಲಿ ಹೆಚ್ಚಿನ ಪಾಲು ಅಕ್ಟೋಬರ್ ಮುಗಿಯುವಷ್ಟರಲ್ಲಿ ಬಿದ್ದು ಹೋಗಿರುತ್ತದೆ. ಹಿಂಗಾರಿ ಜೋಳವನ್ನು ಉತ್ತರಿ ಇಲ್ಲವೇ ಹಸ್ತದ ಮಳೆಗೆ ಬಿತ್ತುತ್ತಾರೆ. ಆಮೇಲೆ ಶಿವರಾತ್ರಿ ಆಸುಪಾಸಿನ ಕೊಯ್ಲಿನ ತನಕ ಎರೆ ಮಣ್ಣು ಹಿಡಿದಿಟ್ಟ ಹಸಿಯೇ ಗತಿ. ವಾರ ವಾರ ಅದು ಕೆಳಗಿಳಿಯುತ್ತದೆ. ನೆಲ ಬಿರಿಯುತ್ತದೆ. ಕಾಳು ಕಟ್ಟುವ ಹೊತ್ತಿಗೆ, ಅಂದ್ರೆ ನೀರು ಬೇಕೇ ಬೇಕಾದ ಹೊತ್ತಿಗೆ, ಹಸಿ ಮುಗಿಯೋಕೆ ಬಂದಿರುತ್ತದೆ. ಬೇರೆ ಬೆಳೆಗೆ ಬರ ಅನ್ನೋದು ಯಾವಾಗಲೋ ಬರುವ ಕೇಡು. ನಮ್ಮ ಬಿಳಿಜೋಳ ಪ್ರತಿ ವರ್ಷ ಅದರೊಳಗೇ ತೆನೆ ಕಟ್ಟುತ್ತದೆ.

ಎಲೆ ಸುತ್ತಿಕೊಳ್ಳೋದು ಕಣ್ಣಿಗೆ ಕಾಣುವ ಭಾಗ ಮಾತ್ರ. ಕಾಣದ ಭಾಗ ಜೀವಕೋಶದ ಒಳಗೆ ನಡೆಯುತ್ತದೆ.

ಜೋಳದ ಗಿಡದಲ್ಲಿ ಸುಮಾರು 30 ಸಾವಿರ ಜೀನ್‌ಗಳಿವೆ. ಬೇರಿನ ಕೋಶದಲ್ಲೂ ಅವೇ, ಎಲೆಯ ಕೋಶದಲ್ಲೂ ಅವೇ. ಮಳೆ ಬಂದರೂ ಅವೇ, ಬರ ಬಿದ್ದರೂ ಅವೇ. ಒಂದು ಜೀನ್ ಅಂದ್ರೆ ಹೆಚ್ಚಾಗಿ ಒಂದು ಪ್ರೋಟೀನ್ ಮಾಡುವ ಬರಹ. ಆ ಬರಹದ ನಕಲು ಆರ್‌ಎನ್‌ಎ ಆಗಿ ಹೊರಗೆ ಬಂದರೆ ಪ್ರೋಟೀನ್ ತಯಾರಾಗುತ್ತದೆ. ನಕಲು ಬಾರದಿದ್ದರೆ ಬರಹ ಸುಮ್ನೆ ಬಿದ್ದಿರುತ್ತದೆ. ಯಾವ ಜೀನ್ ಯಾವಾಗ, ಎಷ್ಟು ಕೆಲಸಕ್ಕೆ ಇಳಿಯುತ್ತದೆ ಅನ್ನೋದಕ್ಕೆ ಜೀನ್ ಅಭಿವ್ಯಕ್ತಿ ಅಂತ ಹೆಸರು.

ನನಗೆ ಇದನ್ನು ಓದುವಾಗಲೆಲ್ಲ ನೆನಪಾಗೋದು ಹಗೇವು. ನೆಲದೊಳಗಿನ ಆ ಜೋಳದ ಕಣಜದಲ್ಲಿ ಕಾಳು ಯಾವಾಗಲೂ ಇರುತ್ತಿತ್ತು. ಬಾಯಿಗೆ ಕಲ್ಲು ಇಟ್ಟು ಮಣ್ಣು ಎಳೆದಿರುತ್ತಿದ್ದರು. ಕಾಲ ಕೆಟ್ಟಾಗ ತೆಗೆಯುತ್ತಿದ್ದರು. ಯಾವಾಗ ತೆಗೀಬೇಕು, ಎಷ್ಟು ತೆಗೀಬೇಕು, ಯಾವಾಗ ಮತ್ತೆ ಮುಚ್ಚಬೇಕು, ಇದನ್ನು ಬಲ್ಲ ಮನೆ ಬರ ದಾಟುತ್ತಿತ್ತು.

ಎಲ್ಲ ಮನೆಗಳೂ ದಾಟಲಿಲ್ಲ. 1876ರಲ್ಲಿ, ಧಾತು ಸಂವತ್ಸರದಲ್ಲಿ ಶುರುವಾದ ಬರ ಈ ಸೀಮೆಯನ್ನು ಬರಿದು ಮಾಡಿತು. ಆಗ ಇದು ಕಲಾದಗಿ ಜಿಲ್ಲೆ. 1872ರ ಜನಗಣತಿಯಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 6 ಲಕ್ಷ 40 ಸಾವಿರದ ಹತ್ತಿರಕ್ಕೆ ಇಳಿದಿತ್ತು. ಇಲ್ಲಿ ಹರಿಯೋ ಡೋಣಿ ಹೊಳೆಯ ಬಗ್ಗೆ ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನೋ ಮಾತು ಇರೋ ನೆಲದಲ್ಲೇ ಹೀಗಾಯಿತು.

ಒಣ ಬೇಸಾಯವನ್ನು ಸರ್ಕಾರ ಗಂಭೀರವಾಗಿ ತೆಗೆದುಕೊಳ್ಳೋಕೆ ಇನ್ನೂ ಅರ್ಧ ಶತಮಾನ ಬೇಕಾಯಿತು. 1923ರಲ್ಲಿ ಪುಣೆ ಹತ್ತಿರದ ಮಾಂಜರಿಯಲ್ಲಿ ಇದರ ಸಂಶೋಧನೆ ಶುರುವಾಯಿತು. 1933ರಿಂದ ಸೋಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್‌ಗಳಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರಗಳು ಬಂದವು. ಅಲ್ಲಿಂದ ಬಂದ ಸಲಹೆಗಳು ಸರಳ. ಬದು ಹಾಕಿ. ಬೀಜ ಕಡಿಮೆ ಹಾಕಿ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಎಡೆ ಹೊಡೆದು ಬಿರುಕು ಮುಚ್ಚಿ. ಸಾಲಿನ ನಡುವೆ ಜಾಗ ಬಿಡಿ ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಬೇಕಾಗುತ್ತದೆ.

ಅದೇ 1930ರ ದಶಕದಲ್ಲಿ ಸೋಲಾಪುರದ ಹತ್ತಿರ ಮೋಹೋಳದಲ್ಲಿ ಮಾಲದಂಡಿ ಅನ್ನೋ ನಾಡತಳಿಯಿಂದ ಗಿಡ ಆರಿಸಿ ಎಂ 35-1 ತಳಿ ಮಾಡಿದರು. ನಮ್ಮ ಭಾಗದಲ್ಲಿ ಇವತ್ತಿಗೂ ಜೋಳ ಅಂದ್ರೆ ಮಾಲದಂಡಿ. ಕಾಳು ಮುತ್ತಿನ ಹಾಗೆ, ರೊಟ್ಟಿ ಮೆತ್ತಗೆ, ಕಣಕಿ ದನಕ್ಕೆ ರುಚಿ. ಡಿಎನ್‌ಎ ಯಾವ ಆಕಾರದಲ್ಲಿದೆ ಅಂತ ಜಗತ್ತಿಗೆ ಗೊತ್ತಾಗಿದ್ದು 1953ರಲ್ಲಿ. ಅದಕ್ಕೂ ಮೊದಲೇ, ಬರಗಾಲದಲ್ಲಿ ಸರಿಯಾದ ಜೀನ್ ತೆರೆಯುವ ಗಿಡ ಯಾವುದು ಅಂತ ಇಲ್ಲಿನ ರೈತರು ತಲೆಮಾರುಗಳಿಂದ ಆರಿಸುತ್ತಾ ಬಂದಿದ್ದರು. ಅವರು ನೋಡಿದ್ದು ತೆನೆಯನ್ನು. ಆದರೆ ತೆನೆಯ ಜೊತೆ ಅವರು ಆರಿಸಿದ್ದು ಗಿಡದ ಒಳಗಿನ ಈ ಲೆಕ್ಕಾಚಾರವನ್ನೂ ಅಲ್ವಾ?

ವಿಜ್ಞಾನಿಗಳಿಗೆ ಮೊದಲ ಸುಳಿವು ಸಿಕ್ಕಿದ್ದು ಗಿಡದಲ್ಲಿ ಅಲ್ಲ, ನೊಣದಲ್ಲಿ. ಇಟಲಿಯ ಫೆರುಚಿಯೊ ರಿತೋಸ್ಸಾ ಹಣ್ಣಿನ ನೊಣದ ಮರಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಯಾರೋ ಪೆಟ್ಟಿಗೆಯ ಶಾಖ ಏರಿಸಿಬಿಟ್ಟಿದ್ದರು. ಆ ಮರಿಗಳ ಕ್ರೋಮೋಸೋಮ್‌ಗಳಲ್ಲಿ ಮೊದಲು ಕಾಣದ ಜಾಗಗಳಲ್ಲಿ ಉಬ್ಬು ಕಂಡವು. ಉಬ್ಬು ಅಂದ್ರೆ ಅಲ್ಲಿನ ಜೀನ್ ತೆರೆದುಕೊಂಡು ಆರ್‌ಎನ್‌ಎ ಹೊರಡುತ್ತಿದೆ ಅಂತ. 1962ರಲ್ಲಿ ಅವರು ಅದನ್ನು ಪ್ರಕಟಿಸಿದರು. ಹತ್ತೊಂಬತ್ತು ವರ್ಷ ಬಿಟ್ಟು, 1981ರಲ್ಲಿ, ಸೋಯಾಬೀನ್ ಸಸಿಗಳಲ್ಲೂ ಇದೇ ಕಂಡಿತು. 28 ಡಿಗ್ರಿಯಲ್ಲಿದ್ದ ಸಸಿಯನ್ನು 40 ಡಿಗ್ರಿಗೆ ಒಯ್ದರೆ ಅದು ದಿನನಿತ್ಯದ ಪ್ರೋಟೀನ್‌ಗಳ ತಯಾರಿಯನ್ನು ತಗ್ಗಿಸಿ ಬೇರೆಯೇ ಒಂದಿಷ್ಟು ಪ್ರೋಟೀನ್ ಮಾಡೋಕೆ ಶುರು ಮಾಡುತ್ತದೆ. ಕಾವಿಗೆ ಹಾಳಾಗುವ ಉಳಿದ ಪ್ರೋಟೀನ್‌ಗಳನ್ನು ಹಿಡಿದು ನಿಲ್ಲಿಸೋದು ಅವುಗಳ ಕೆಲಸ.

ನೀರಿನ ಕತೆ ಬೇರೆ ದಾರಿಯಲ್ಲಿ ಬಂತು. ಹತ್ತಿಯ ಕಾಯಿ ಉದುರೋದು ಯಾಕೆ ಅಂತ ಅಮೆರಿಕದಲ್ಲಿ ಹುಡುಕುತ್ತಿದ್ದರು. ಮರದ ಮೊಗ್ಗು ಚಳಿಗಾಲದಲ್ಲಿ ಮಲಗೋದು ಯಾಕೆ ಅಂತ ಬ್ರಿಟನ್‌ನಲ್ಲಿ ಹುಡುಕುತ್ತಿದ್ದರು. 1960ರ ದಶಕದಲ್ಲಿ ಇಬ್ಬರ ಕೈಗೂ ಸಿಕ್ಕಿದ್ದು ಒಂದೇ ರಾಸಾಯನಿಕ, ಅಬ್ಸಿಸಿಕ್ ಆಸಿಡ್. ಆದರೆ ಅದರ ದೊಡ್ಡ ಕೆಲಸ ತಿಳಿದದ್ದು 1969ರಲ್ಲಿ, ಗೋಧಿ ಎಲೆಗಳನ್ನು ಕಿತ್ತು ಬಾಡಿಸಿ ನೋಡಿದಾಗ. ಬಾಡಿದ ಕೆಲವೇ ತಾಸಿನಲ್ಲಿ ಈ ಆಸಿಡ್ ಎಲೆಯಲ್ಲಿ ಹಲವು ಪಟ್ಟು ಏರಿತ್ತು. ಇದು ಗಿಡದ ಡಂಗುರ. ನೀರು ಕಡಿಮೆಯಾಯಿತು ಅಂತ ಸಾರುತ್ತದೆ. ಎಲೆಯ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಜೀನ್‌ಗಳ ಬಾಗಿಲು ತೆರೆಯುತ್ತವೆ.

ಡಂಗುರ ಕೇಳಿಸಿಕೊಳ್ಳುವ ಕಿವಿ ಯಾವುದು ಅಂತ ತಿಳಿಯೋಕೆ ಮತ್ತೆ 40 ವರ್ಷ ಹಿಡಿಯಿತು. 2009ರಲ್ಲಿ ಅದು ಸಿಕ್ಕಿತು. ಕೆಲಸ ನಡೆಯುವ ರೀತಿ ಹೀಗಿದೆ. ಕೋಶದಲ್ಲಿ ಒಬ್ಬ ಕಾವಲುಗಾರ ಪ್ರೋಟೀನ್ ಇರುತ್ತದೆ. ಅದು ಎಚ್ಚರಿಸುವ ಪ್ರೋಟೀನ್‌ನ ಕೈ ಕಟ್ಟಿ ಕೂರಿಸಿರುತ್ತದೆ. ಅಬ್ಸಿಸಿಕ್ ಆಸಿಡ್ ಬಂದು ಕಿವಿಗೆ ಅಂಟಿಕೊಂಡಾಗ, ಆ ಕಿವಿ ಹೋಗಿ ಕಾವಲುಗಾರನನ್ನೇ ಹಿಡಿಯುತ್ತದೆ. ಕೈ ಬಿಟ್ಟುಹೋದ ಎಚ್ಚರಿಕೆಯ ಪ್ರೋಟೀನ್ ಹೊರಟು ಜೀನ್‌ಗಳ ಬೀಗ ತೆಗೆಯುವವರನ್ನು ಎಬ್ಬಿಸುತ್ತದೆ.

ಬಾಗಿಲು ತೆರೆದ ಮೇಲೆ ಒಳಗಿಂದ ಏನು ಬರುತ್ತದೆ? ಇಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಯೊಂದಿದೆ. 1981ರಲ್ಲಿ ಅಮೆರಿಕದ ಲಿಯಾನ್ ಡ್ಯೂರ್ ಮತ್ತು ಜೊತೆಗಾರರು ಹತ್ತಿ ಬೀಜ ಬಲಿಯುವುದನ್ನು ಅಭ್ಯಾಸ ಮಾಡುತ್ತಿದ್ದರು. ಬೀಜ ಒಣಗುವ ಮುಂಚೆ ಒಂದು ಗುಂಪಿನ ಪ್ರೋಟೀನ್‌ಗಳು ಅದರಲ್ಲಿ ತುಂಬಿಕೊಳ್ಳುತ್ತವೆ ಅಂತ ಅವರಿಗೆ ಕಂಡಿತು. ಬೀಜ ಅಂದ್ರೆ ಏನು ಯೋಚಿಸಿ. ನೀರೆಲ್ಲ ಬಿಟ್ಟುಕೊಟ್ಟರೂ ಸಾಯದ ಜೀವ. ಹಗೇವಿನ ಕತ್ತಲಲ್ಲಿ ತಿಂಗಳುಗಟ್ಟಲೆ ಒಣಗಿ ಕೂತು, ಹಸ್ತದ ಮಳೆಗೆ ಮೊಳಕೆ ಒಡೆಯುವ ಜೀವ. ಮುಂದೆ ಬರಕ್ಕೆ ಸಿಕ್ಕ ಗಿಡಗಳ ಎಲೆ, ಬೇರುಗಳಲ್ಲೂ ಅದೇ ಗುಂಪಿನ ಪ್ರೋಟೀನ್‌ಗಳು ಸಿಕ್ಕವು. ಅಂದ್ರೆ ಬಾಯಾರಿದ ಎಲೆ ತನ್ನದೇ ಬೀಜದ ವಿದ್ಯೆಯನ್ನು ಎರವಲು ತರುತ್ತದೆ.

ಎಲ್ಲ ವಿದ್ಯೆಯೂ ನಮಗೆ ಹಿತವಾದದ್ದಲ್ಲ. ಎಳೆ ಜೋಳದಲ್ಲಿ ಧುರ್ರಿನ್ ಅನ್ನೋ ವಸ್ತು ಇದೆ ಅಂತ 1902ರಲ್ಲೇ ಗೊತ್ತಾಗಿತ್ತು. ದನ ಅಗಿದಾಗ ಅದರಿಂದ ಸಯನೈಡ್ ವಿಷ ಹೊರಡುತ್ತದೆ. ಅದನ್ನು ಮಾಡುವ ಮುಖ್ಯ ಜೀನ್‌ಗಳು ಜೋಳದ ಒಂದೇ ಕ್ರೋಮೋಸೋಮ್‌ನಲ್ಲಿ ಅಕ್ಕಪಕ್ಕ ಕೂತಿವೆ. ಮಳೆ ಕೈಕೊಟ್ಟು ಬಾಡಿದ ಎಳೆ ಬೆಳೆಯಲ್ಲಿ, ಕೊಯ್ದ ಮೇಲೆ ಚಿಗುರಿದ ಕೂಳೆಯಲ್ಲಿ ವಿಷ ಜಾಸ್ತಿ ಇರುತ್ತದೆ. ನಮ್ಮ ಓಣಿಯಲ್ಲೇ ಒಂದು ಎಮ್ಮೆ ಹೀಗೆ ಮೇದು ಬಂದು ಅಂಗಳದಲ್ಲಿ ಬಿದ್ದಿತ್ತು. ವೈದ್ಯರು ಬರುವಷ್ಟರಲ್ಲಿ ಮುಗಿದಿತ್ತು. ದಯವಿಟ್ಟು ಬಾಡಿದ ಎಳೆ ಜೋಳಕ್ಕೆ ದನ ಬಿಡಬೇಡಿ. ಬಲಿತು ಚೆನ್ನಾಗಿ ಒಣಗಿದ ಕಣಕಿಗೆ ಈ ಭಯ ಇಲ್ಲ.

1990ರ ದಶಕದಲ್ಲಿ ಜಪಾನಿನ ಯಮಗುಚಿ-ಶಿನೊಝಾಕಿ ಮತ್ತು ಶಿನೊಝಾಕಿ ಅವರ ತಂಡ ದೊಡ್ಡ ಹೆಜ್ಜೆ ಇಟ್ಟಿತು. ಬರದಲ್ಲಿ ತೆರೆಯುವ ಹಲವು ಜೀನ್‌ಗಳ ಮುಂದೆ ಒಂದೇ ಬಗೆಯ ಬೀಗ ಇದೆ ಅಂತ 1994ರಲ್ಲಿ ತೋರಿಸಿದರು. 1998ರಲ್ಲಿ ಅದರ ಕೀಲಿಕೈಗಳನ್ನೂ ವಿವರಿಸಿದರು. ಡ್ರೆಬ್ ಅಂತ ಅವುಗಳ ಹೆಸರು. ಒಂದು ಕೀಲಿಯಿಂದ ಹಲವು ಬೀಗ ತೆರೆಯುವುದಾದರೆ ಬರದ ಸಮಸ್ಯೆಯೇ ಮುಗಿಯಿತು ಅಂತ ಅನ್ನಿಸೋದು ಸಹಜ.

ಆದರೆ ಮುಗಿಯಲಿಲ್ಲ. 1999ರಲ್ಲಿ ಅದೇ ತಂಡ ಅರಾಬಿಡೋಪ್ಸಿಸ್ ಅನ್ನೋ ಸಣ್ಣ ಗಿಡದಲ್ಲಿ ಈ ಕೀಲಿ ಸದಾ ತಿರುಗಿಯೇ ಇರುವ ಹಾಗೆ ಮಾಡಿತು. ಗಿಡ ಬರ ತಡೆಯಿತು, ಉಪ್ಪು ತಡೆಯಿತು, ಮಂಜು ತಡೆಯಿತು. ಆದರೆ ಕುಳ್ಳಾಗಿಬಿಟ್ಟಿತು. ಸುಖದ ಕಾಲದಲ್ಲೂ ಹಗೇವು ತೆರೆದಿಟ್ಟರೆ ಮನೆ ಬೆಳೆಯೋದು ಹೇಗೆ? ಬಿಕ್ಕಟ್ಟು ಬಂದಾಗ ಮಾತ್ರ ಕೀಲಿ ತಿರುಗುವಂತೆ ಮಾಡಿದಾಗ ಬೆಳವಣಿಗೆ ಬಹುಮಟ್ಟಿಗೆ ಸರಿಹೋಯಿತು, ತಾಳಿಕೆಯೂ ಉಳಿಯಿತು. ಬರದ ಜೀನ್ ಕಂಡುಹಿಡಿದರು ಅಂತ ಸುದ್ದಿ ಬಂದಾಗಲೆಲ್ಲ ನಾನು ಈ ಕುಳ್ಳ ಗಿಡವನ್ನು ನೆನೆಯುತ್ತೇನೆ. ತಾಳಿಕೆಗೆ ಬೆಲೆ ಇದೆ, ಆ ಬೆಲೆ ಇಳುವರಿಯಿಂದಲೇ ಹೋಗುತ್ತದೆ.

ಜೋಳದ ಪೂರ್ತಿ ಜೀನ್ ಪಟ್ಟಿ 2009ರಲ್ಲಿ ಪ್ರಕಟವಾಯಿತು. ಆಮೇಲೆ ಒಂದೊಂದೇ ಜೀನ್ ಹಿಡಿದು ಕೂರುವ ಬದಲು ಎಲ್ಲವನ್ನೂ ಒಟ್ಟಿಗೆ ನೋಡೋಕೆ ಆಯಿತು. 2019ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನ ಇದರಲ್ಲಿ ದೊಡ್ಡದು. ಕುಂಡದಲ್ಲಿ ಅಲ್ಲ, ಹೊಲದಲ್ಲೇ ಎರಡು ಜೋಳದ ತಳಿ ಬೆಳೆದು, ವಾರ ವಾರ ಎಲೆ ಮತ್ತು ಬೇರು ತೆಗೆದು, ಸುಮಾರು 400 ಮಾದರಿಗಳಲ್ಲಿ ಯಾವ ಜೀನ್ ತೆರೆದಿದೆ ಅಂತ ಓದಿದರು. ಕೆಲಸ ಮಾಡುತ್ತಿದ್ದ ಜೀನ್‌ಗಳಲ್ಲಿ ಶೇ. 44ರಷ್ಟು ಬರಕ್ಕೆ ಬದಲಾಗಿದ್ದವು. ಹತ್ತು ಸಾವಿರಕ್ಕೂ ಜಾಸ್ತಿ! ಹೂ ಬಿಡುವ ಮುಂಚಿನ ಬರ ಕಳೆದು ನೀರು ಬಿಟ್ಟಾಗ ಗಿಡ ಬೇಗನೇ ಮೊದಲಿನ ಹಾದಿಗೆ ಮರಳಿತು. ಬೇರಿಗೆ ರಂಜಕ ತಂದುಕೊಡುವ ಶಿಲೀಂಧ್ರದ ಜೊತೆಗಿನ ನಂಟಿನ ಜೀನ್‌ಗಳು ಮಾತ್ರ ಬರದಲ್ಲಿ ತೀರಾ ಕುಸಿದವು, ಬೇರಿನಲ್ಲಿ ಶಿಲೀಂಧ್ರವೂ ಕಡಿಮೆಯಾಯಿತು. ಬರದಲ್ಲಿ ಗಿಡ ತನ್ನ ಪಾಲುದಾರನಿಗೆ ಸಕ್ಕರೆ ಕೊಡೋದನ್ನು ನಿಲ್ಲಿಸಿದ ಹಾಗೆ ನನಗೆ ಕಾಣುತ್ತದೆ.

ಆ ಎರಡು ತಳಿಗಳಲ್ಲಿ ಒಂದು ಇಥಿಯೋಪಿಯಾ ಮೂಲದ್ದು. ಕಾಳು ಕಟ್ಟುವಾಗ ಬರ ಬಿದ್ದರೂ ಅದರ ಎಲೆ ಹಸಿರಾಗಿಯೇ ಇರುತ್ತದೆ. ಇದು ನಮಗೆ ಬೇಕಾದ ಗುಣ. ಯಾಕೆಂದರೆ ನಮ್ಮಲ್ಲಿ ಕೊನೆಗಾಲದ ಬರದಲ್ಲಿ ಎಲೆ ಒಣಗುತ್ತದೆ, ಗಿಡ ದಂಟಿನ ಸಕ್ಕರೆಯನ್ನೆಲ್ಲ ತೆನೆಗೆ ಕಳಿಸುತ್ತದೆ, ಸೋತ ದಂಟಿಗೆ ಇದ್ದಿಲು ಕೊಳೆ ರೋಗ ಹತ್ತಿ ಹೊಲಕ್ಕೆ ಹೊಲವೇ ಮಲಗುತ್ತದೆ. ಹಸಿರಾಗಿ ಉಳಿಯುವ ಆ ಗುಣದ ಗುಟ್ಟು 2014ರ ಹೊತ್ತಿಗೆ ಸ್ಪಷ್ಟವಾಯಿತು. ಅದರ ಹಿಂದಿರುವ ಜೀನ್ ಭಾಗಗಳು ಗಿಡವನ್ನು ಹೂ ಬಿಡುವ ಮುಂಚೆ ಸ್ವಲ್ಪ ಚಿಕ್ಕದಾಗಿ, ಮರಿ ಕಡಿಮೆ ಒಡೆಯುವ ಹಾಗೆ ಇಡುತ್ತವೆ. ಎಲೆ ಕಡಿಮೆ, ಹಾಗಾಗಿ ನೀರಿನ ಖರ್ಚೂ ಕಡಿಮೆ. ಉಳಿದ ಹಸಿ ಕಾಳಿಗೆ.

ಬೀಜ ಕಡಿಮೆ ಹಾಕಿ, ಸಾಲಿನ ನಡುವೆ ಜಾಗ ಬಿಡಿ ಅಂತ ಒಣ ಬೇಸಾಯದವರು ಹೇಳಿದ್ದರಲ್ಲ, ಅದು ಮಾಡಿದ್ದೂ ಇದನ್ನೇ. ಅವರು ಹೊರಗಿಂದ ಮಾಡಿದ್ದನ್ನು ಈ ಜೀನ್‌ಗಳು ಒಳಗಿಂದ ಮಾಡುತ್ತವೆ.

ಬೀಜ ಗಡಸು ಮಾಡುವ ಪದ್ಧತಿಯೂ ಹಾಗೆಯೇ. ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಜೋಳದ ಬೀಜ ಕೆಲವು ತಾಸು ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತಿ ಅಂತ ಕೃಷಿ ವಿಶ್ವವಿದ್ಯಾಲಯದವರು ಹೇಳುತ್ತಾ ಬಂದಿದ್ದಾರೆ. ಒಮ್ಮೆ ನೆನೆದು ಒಣಗಿದ ಬೀಜ ಮುಂದಿನ ಒಣಗಾಲಕ್ಕೆ ತಯಾರಾಗಿರುತ್ತದೆ ಅನ್ನೋ ಲೆಕ್ಕ. 2012ರಲ್ಲಿ ಅರಾಬಿಡೋಪ್ಸಿಸ್‌ನಲ್ಲಿ ಇದಕ್ಕೆ ಹತ್ತಿರದ ಒಂದು ವಿಷಯ ಕಂಡಿತು. ಒಮ್ಮೆ ಬಾಡಿ ಚೇತರಿಸಿಕೊಂಡ ಗಿಡ ಎರಡನೇ ಸಲ ಬಾಡಿದಾಗ ಕೆಲವು ಜೀನ್‌ಗಳು ಮೊದಲಿಗಿಂತ ಜೋರಾಗಿ ತೆರೆದವು. ಡಿಎನ್‌ಎ ಸುತ್ತಿಕೊಂಡ ಪ್ರೋಟೀನ್‌ಗಳ ಮೇಲೆ ಒಂದು ಗುರುತು ಉಳಿದುಕೊಂಡಿತ್ತು. ಹಗೇವಿನ ಕಲ್ಲು ಒಮ್ಮೆ ಸರಿಸಿದ ಮೇಲೆ ಮಣ್ಣು ಸಡಿಲವಾಗಿಯೇ ಇರುವ ಹಾಗೆ.

ಈಗ ಜೀನ್ ತಿದ್ದುವ ಕಾಲ. 2025ರ ಮೇ 4ರಂದು ನಮ್ಮ ದೇಶ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಹೊರತಂದಿತು. ಅವುಗಳಲ್ಲಿ ಪೂಸಾ ಡಿಎಸ್‌ಟಿ ರೈಸ್ 1 ತಳಿಯಲ್ಲಿ ಬರ ಮತ್ತು ಉಪ್ಪಿನ ತಾಳಿಕೆಗೆ ತಡೆಯಾಗಿದ್ದ ಒಂದು ಜೀನ್‌ನ ಕೆಲಸ ತಪ್ಪಿಸಿದ್ದಾರೆ. ನಾನು ಇದರ ವಿರೋಧಿ ಅಲ್ಲ. ಆದರೆ ಹತ್ತು ಸಾವಿರ ಜೀನ್ ಒಟ್ಟಿಗೆ ಕದಲುವ ಜೋಳಕ್ಕೆ ಒಂದೇ ಜೀನ್‌ನ ತಿದ್ದುಪಡಿ ಸಾಕಾಗುತ್ತದೆ ಅಂತ ನಂಬೋಕೆ ನನ್ನಿಂದ ಆಗೋದಿಲ್ಲ. ಮಾಲದಂಡಿಯಲ್ಲಿ, ನಮ್ಮ ವಿಜಯಪುರದ ಸಂಶೋಧನಾ ಕೇಂದ್ರದಲ್ಲೇ ಬೆಳೆಸಿದ ಬಿಜೆವಿ-44 ತಳಿಯಲ್ಲಿ, ಯಾರದೋ ಮನೆಯ ಮಡಕೆಯಲ್ಲಿ ಉಳಿದಿರುವ ನಾಡತಳಿಯಲ್ಲಿ ಆ ಹತ್ತು ಸಾವಿರದ ಹೊಂದಾಣಿಕೆ ಆಗಲೇ ಕೂತಿದೆ.

ಕ್ಯಾಲಿಫೋರ್ನಿಯಾದಲ್ಲಿ ವಾರ ವಾರ ಮಾಡಿದ್ದನ್ನು ಡೋಣಿ ದಂಡೆಯ ಎರೆಯಲ್ಲಿ ಮಾಡಬೇಕು ಅನ್ನೋದು ನನ್ನ ಆಸೆ. ಹೊಡೆ ಕಟ್ಟುವಾಗ ಎಳ್ಳಮಾವಾಸ್ಯೆಗೆ ಒಮ್ಮೆ, ಹಾಲುಗಾಳಾದಾಗ ಒಮ್ಮೆ, ಬಿರುಕಿನಲ್ಲಿ ಕೈ ಹೋಗುವಷ್ಟು ನೆಲ ಒಣಗಿದಾಗ ಇನ್ನೊಮ್ಮೆ ಎಲೆ ಮತ್ತು ಬೇರು ತೆಗೆದು ನೋಡಬೇಕು. ಪಕ್ಕದ ಹೊಲದ ಆ ಹಿರಿಯರನ್ನೂ ಅವತ್ತು ಜೊತೆಗೆ ಕರೆದುಕೊಂಡು ಹೋಗಬೇಕು. ಯಾವ ಗಿಡದ ಎಲೆ ಕೀಳಬೇಕು ಅಂತ ಅವರಿಗೆ ಗೊತ್ತು.