ಬೋಳಿಸಿದ ತಲೆಯಿಂದ ಆಪರೇಷನ್‌ವರೆಗೆ

'ಶರಪಂಜರ' ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಪುಟ್ಟಣ್ಣ ಕಣಗಾಲರ 1971ರ ಸಿನಿಮಾ, ಅದರಲ್ಲಿ ಕಲ್ಪನಾ ಅಭಿನಯ. ಆದರೆ ಅದರ ಮೂಲ ತ್ರಿವೇಣಿಯವರ ಕಾದಂಬರಿ. ಅದರ ನಾಯಕಿ ಕಾವೇರಿಗೆ ಬಂದದ್ದು ಹಳ್ಳಿಯವರು ಬಾಣಂತಿ ಸನ್ನಿ ಅಂತಾರಲ್ಲ, ಹೆರಿಗೆಯ ನಂತರದ ಆ ಮನಸ್ಸಿನ ಕಾಯಿಲೆ. ಅದು ವಾಸಿಯೂ ಆಗುತ್ತದೆ. ಕಥೆಯ ನಿಜವಾದ ನೋವು ಶುರುವಾಗುವುದೇ ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಇತ್ತ ಗಂಡನಿಗೆ ಬೇರೊಬ್ಬಳ ಸಹವಾಸ. ಆದರೂ 'ಹುಚ್ಚಿ' ಅನ್ನುವ ಹೆಸರು ಅಂಟಿದ್ದು ಇವಳಿಗೇ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಈ ಕಾದಂಬರಿಯಲ್ಲಿ ಕಾಯಿಲೆಗಿಂತ ಮನೆಯವರ ಕಣ್ಣನ್ನೇ ಜಾಸ್ತಿ ಪರೀಕ್ಷೆ ಮಾಡಿದ್ದಾರೆ. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಅವರೇ ತೀರಿಕೊಂಡರು.

ಹೆಣ್ಣಿನ ಮೈ ಬಗ್ಗೆ ತೀರ್ಮಾನ ಮಾಡುವವರು ಯಾರು? ಕನ್ನಡ ಕಾದಂಬರಿಗೆ ಇದು ಮೊದಲಿನಿಂದಲೂ ಇರುವ ಪ್ರಶ್ನೆ. 1899ರ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯಲ್ಲಿ ವಿಧವೆ ಮನೆ ಬಿಟ್ಟು ಹೋಗಿ, ಓದಿ, ಮತ್ತೆ ಮದುವೆಯಾಗುತ್ತಾಳೆ. ಸುಧಾರಣೆಯ ಹುಮ್ಮಸ್ಸಿನ ಕಾಲ ಅದು, ಸುಖಾಂತ ಸುಲಭವಾಗಿಯೇ ಸಿಕ್ಕಿತು ಅನ್ನಿ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನಿಗೆ ಆ ಭಾಗ್ಯ ಇಲ್ಲ. ಮಲೆನಾಡಿನ ಹುಡುಗಿ, ಗಂಡನ ಜೊತೆ ಬಾಳುವ ಮೊದಲೇ ವಿಧವೆ. ಮೈನೆರೆದದ್ದೇ ತಡ, ತಲೆ ಬೋಳಿಸಿ ಮಡಿಗೆ ಕೂರಿಸುತ್ತಾರೆ. ಅವಳನ್ನು ಯಾರೂ ಒಂದು ಮಾತೂ ಕೇಳುವುದಿಲ್ಲ. ಎಷ್ಟೋ ವರ್ಷಗಳ ನಂತರ ದಾಕ್ಷಾಯಿಣಿ ಎಂಬ ವಿಧವೆ ನಾನು ತಲೆ ಬೋಳಿಸಿಕೊಳ್ಳಲ್ಲ ಅಂತ ಹಠ ಹಿಡಿಯುತ್ತಾಳೆ. ಆಗ ಅವಳ ಪರ ನಿಲ್ಲುವುದು ಜೀವನವಿಡೀ ಮಡಿ ಮಾಡಿದ ಇದೇ ಮುದುಕಿ! ನನಗಂತೂ 'ಇಂದಿರಾಬಾಯಿ'ಯ ಮದುವೆಗಿಂತ ಇದು ದೊಡ್ಡ ಬಂಡಾಯ.

ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಲ್ಲಿ ಮಾತು ತಲೆಗೂದಲಿನಿಂದ ಬಸಿರಿಗೆ ಬರುತ್ತದೆ. ಮೂರೂ ಹೆಣ್ಣೇ ಅಂತ ಗಂಡ ಬಿಟ್ಟುಹೋದ ಆಶ್ರಫ್, ಕಾಯಿಲೆಯ ಕೂಸನ್ನು ಎತ್ತಿಕೊಂಡು ನ್ಯಾಯ ಕೇಳಲು ಮಸೀದಿಗೆ ಬರುತ್ತಾಳೆ. ನ್ಯಾಯ ಹೇಳಬೇಕಾದ ಮುತವಲ್ಲಿ, ಅಂದರೆ ಮಸೀದಿಯ ಆಡಳಿತ ನೋಡಿಕೊಳ್ಳುವವನು, ಸುಮ್ನೆ ದಿನ ತಳ್ಳುತ್ತಾನೆ. ಕೂಸು ಉಳಿಯುವುದಿಲ್ಲ. ಮುತವಲ್ಲಿಯ ಹೆಂಡತಿ ಆಮಿನಾ ಹೆತ್ತು ಹೆತ್ತು ಸುಸ್ತಾದವಳು. ಇನ್ನು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಲು ಅವಳಿಗೆ ಗಂಡನ ಒಪ್ಪಿಗೆ ಸಿಕ್ಕಿರುವುದಿಲ್ಲ. ಕಥೆಯ ಕೊನೆಗೆ ಅವಳು ಒಪ್ಪಿಗೆ ಕೇಳುವುದನ್ನೇ ಬಿಟ್ಟು, ಮಕ್ಕಳನ್ನು ಅವನಿಗೇ ಒಪ್ಪಿಸಿ, ಆಸ್ಪತ್ರೆಗೆ ಹೊರಡುತ್ತಾಳೆ.